ಚಾವಡಿಗೆ ತಲುಪದ ಹೆಸರು

ಹೊನ್ನಮ್ಮ ಹೆಸರು ಹೇಳಿದ್ದಳು. ಹೇಳಲಿಲ್ಲ ಎಂದವಳು ನಾನು.

ಅವಳು ಹೇಳಿದ ಹೆಸರು ನನ್ನ ಅಣ್ಣ ಪುಟ್ಟೇಗೌಡನದು. ನಮ್ಮ ತೋಟದಲ್ಲಿ ನೀರೆತ್ತುವ ಎಂಜಿನ್ ಇಟ್ಟಿದ್ದ ಸಣ್ಣ ಮನೆಯೊಳಗೆ, ಹಾಡಹಗಲು, ಅವಳ ಬಾಯಿ ಮುಚ್ಚಿ ಅವನು ಬಲಾತ್ಕಾರ ಮಾಡಿದ. ಊರಿನಲ್ಲಿ ಇದಕ್ಕೆ ‘ಹೆಣ್ಣು ಕೆಟ್ಟಳು’ ಅನ್ನುತ್ತಿದ್ದರು. ನಾನೂ ಅಂದಿದ್ದೇನೆ. ಇಲ್ಲಿ ಅನ್ನುವುದಿಲ್ಲ.

ಈ ಸಂಗತಿ ತಿಳಿದ ಒಬ್ಬಿಬ್ಬರು ನನಗೊಂದು ದಾರಿ ಮಾಡಿಕೊಡಲು ನೋಡಿದ್ದಾರೆ — ಒಡಹುಟ್ಟಿದವನ ಮೇಲೆ ಅಂಥ ಮಾತು ಬಂದರೆ ಯಾರಿಗೆ ತಾನೆ ನಂಬಿಕೆಯಾಗುತ್ತದೆ, ನಿಮಗೂ ಆಗಿರಲಿಕ್ಕಿಲ್ಲ, ಅಂತ. ಬೇಡ. ನನಗೆ ನಂಬಿಕೆಯಾಗಿತ್ತು. ಹೆಸರು ಅವಳ ಬಾಯಿಂದ ಪೂರ್ತಿ ಹೊರಬರುವ ಮೊದಲೇ ಆಗಿತ್ತು. ನಂಬಿಕೊಂಡೇ ಸುಳ್ಳು ಹೇಳಿದೆ.

ತಲೆ ತಗ್ಗಿಸಿ ಬರೆಯುತ್ತಿಲ್ಲ. ತಗ್ಗಿಸಿದ ತಲೆ ಕಂಡರೆ ಜನಕ್ಕೆ ಕನಿಕರ ಬರುತ್ತದೆ. ಕನಿಕರ ಬಂದ ಮೇಲೆ ಯಾರೂ ಮುಂದಕ್ಕೆ ಕೇಳುವುದಿಲ್ಲ. ಅದಲ್ಲದೆ ಈ ಕಥೆಯಲ್ಲಿ — ಕಥೆ ಅನ್ನುವುದು ಬೇಡ, ಕಥೆಯೆಂದರೆ ಎಲ್ಲವೂ ತನ್ನ ತನ್ನ ಜಾಗದಲ್ಲಿ ಕುಳಿತುಬಿಡುತ್ತದೆ — ಈ ಸಂಗತಿಯಲ್ಲಿ ನನ್ನ ತಪ್ಪಿಗಿಂತ ದೊಡ್ಡದಾದ ಒಂದು ಇದೆ. ಅದು ಹೊನ್ನಮ್ಮ. ಅವಳನ್ನು ನೆನೆದಾಗ ನನಗೆ ಹೆಮ್ಮೆಯಾಗುತ್ತದೆ. ಆ ಹೆಮ್ಮೆಪಡಲು ನನಗೆ ಹಕ್ಕಿಲ್ಲ. ಹಕ್ಕು ಕೇಳಿಕೊಂಡು ಬರುವಂಥದ್ದಲ್ಲ ಅದು.

ಐವತ್ತರ ದಶಕದ ಮೊದಲ ವರ್ಷಗಳು. ಮಾಗಡಿ ರಸ್ತೆಯಿಂದ ಒಳಕ್ಕೆ ಇದ್ದ ನಮ್ಮ ಊರಿನಲ್ಲಿ ಆಗಿನ್ನೂ ರಾಗಿ, ಅವರೆ, ಸೊಪ್ಪಿನ ಮಡಿ. ಊರ ಮೂಡಲಿಗೆ ರಾಜಾಜಿನಗರದ ರಸ್ತೆಗಳಿಗೆ ಗೂಟ ಹೊಡೆಯುತ್ತಿದ್ದರು. ಇವತ್ತು ಅವರ ಹೊಲ, ನಾಳೆ ನಮ್ಮದು ಎಂದು ಊರೆಲ್ಲ ಹೆದರಿತ್ತು. ಜಮೀನಿನ ವಿಷಯಕ್ಕೆ ಅಧಿಕಾರಿಗಳ ಹತ್ತಿರ ಹೋಗಿ ನಿಂತು ಮಾತಾಡಬಲ್ಲವನು ಊರಿಗೆಲ್ಲ ಒಬ್ಬನೇ, ನಮ್ಮಣ್ಣ. ಇಸ್ತ್ರಿ ಮಾಡಿದ ಅಂಗಿ, ಸೈಕಲ್ಲು, ಜೇಬಿನಲ್ಲಿ ಪೆನ್ನು. ಅದೇ ಸೈಕಲ್ಲಿನ ಅಡ್ಡಕಂಬಿಯ ಮೇಲೆ ಕೂರಿಸಿಕೊಂಡು ನನ್ನನ್ನು ಪೇಟೆಯ ಶಾಲೆಗೆ ಬಿಟ್ಟು ಬರುತ್ತಿದ್ದವನೂ ಅವನೇ. ನಾನು ಓದಿದವಳು ಅನಿಸಿಕೊಂಡದ್ದು ಅವನಿಂದ. ಈ ಸಾಲುಗಳನ್ನು ಬರೆಯುವ ಕೈಗೆ ಅಕ್ಷರ ಬಂದದ್ದು ಅವನಿಂದ — ಇದನ್ನು ಎಲ್ಲಿ ಇಡಬೇಕೋ ಗೊತ್ತಿಲ್ಲ, ಇಲ್ಲಿ ಇಟ್ಟು ಮುಂದಕ್ಕೆ ಹೋಗುತ್ತೇನೆ.

ನಮ್ಮಲ್ಲಿ ಒಂದು ಕಟ್ಟಳೆ ಇತ್ತು. ಚಾವಡಿಯಲ್ಲಿ ನ್ಯಾಯಕ್ಕೆ ಸೇರಿದಾಗ ಹೆಂಗಸು ಎದುರು ನಿಂತು ಮಾತಾಡುವ ಹಾಗಿಲ್ಲ. ದೂರು ಹೆಂಗಸಿನದಾದರೆ ಅವಳನ್ನು ಚಾವಡಿಗೆ ಅಂಟಿಕೊಂಡ ಕಾಳಿನ ಕೋಣೆಯಲ್ಲಿ ಕೂರಿಸುತ್ತಿದ್ದರು. ಒಳ್ಳೆಯ ಮನೆತನದ ಮುತ್ತೈದೆಯೊಬ್ಬಳು ಒಳಗೆ ಹೋಗಿ ಕೇಳಬೇಕು, ಕೇಳಿದ್ದನ್ನು ಹೊರಗೆ ತಂದು ಹಿರಿಯರ ಮುಂದೆ ಇಡಬೇಕು. ಕೂಡಿಸಬಾರದು, ಕಳೆಯಬಾರದು. ಅದು ದೊಡ್ಡ ಗೌರವ. ನ್ಯಾಯ ಮುಗಿದ ಮೇಲೆ ಮೊದಲ ವೀಳ್ಯ ಮಾತು ತಂದವಳಿಗೇ.

ಕೆಂಗೇರಿಗೆ ಮದುವೆಯಾಗಿ ಹೋಗಿದ್ದ ನಾನು ಆಗ ಬಾಣಂತನಕ್ಕೆ ಬಂದು ತವರಿನಲ್ಲೇ ಇದ್ದೆ. ಒಂದು ಬೆಳಿಗ್ಗೆ ಹೊನ್ನಮ್ಮನ ತಾಯಿ ಚಾವಡಿಯ ಮುಂದೆ ಬಂದು ಎದೆ ಬಡಿದುಕೊಂಡಳು. ಹೊನ್ನಮ್ಮ ನನ್ನ ವಾರಗೆಯವಳು, ಗಂಡ ಸತ್ತು ತಾಯಿಯ ಹತ್ತಿರ ವಾಪಸ್ಸು ಬಂದವಳು, ನಮ್ಮ ತೋಟದಲ್ಲಿ ಸೊಪ್ಪು ಕೀಳಲು ಬರುತ್ತಿದ್ದಳು. ಏನಾಗಿದೆ ಎಂಬುದು ತಾಯಿಯ ಅಳುವಿನಿಂದ ತಿಳಿಯಿತು. ಯಾರು ಎಂಬುದನ್ನು ಮಗಳು ತಾಯಿಗೂ ಹೇಳಿರಲಿಲ್ಲ. ಹಿರಿಯರು ನನಗೆ ಹೇಳಿಕಳಿಸಿದರು. ಓದಿದವಳು, ಪುಟ್ಟೇಗೌಡನ ತಂಗಿ, ಮಾತು ಕೆಡಿಸುವವಳಲ್ಲ ಎಂದರಂತೆ. ಮಗುವನ್ನು ಅಮ್ಮನ ಕೈಗೆ ಕೊಟ್ಟು ಸೆರಗು ಹೊದ್ದು ಹೊರಟೆ. ದಾರಿಯಲ್ಲಿ ಹೆಂಗಸರು ಬಾಗಿಲಿಗೆ ಬಂದು ನೋಡುತ್ತಿದ್ದರು. ನನ್ನ ನಡಿಗೆ ಹೇಗಿತ್ತೆಂದು ನನಗೆ ಚೆನ್ನಾಗಿ ನೆನಪಿದೆ — ಅದೇ ವಯಸ್ಸಿನ ಇನ್ನೊಬ್ಬ ಹೆಣ್ಣಿನ ಸಂಕಟ ಕೇಳಲು ಹೋಗುವವಳ ನಡಿಗೆಯಾಗಿರಲಿಲ್ಲ ಅದು.

ಕಾಳಿನ ಕೋಣೆಯಲ್ಲಿ ಅವಳು ರಾಗಿ ಮೂಟೆಗೆ ಒರಗಿ ಕೂತಿದ್ದಳು. ನೀಲಿ ಸೀರೆ. ಎಷ್ಟೋ ವರ್ಷ ಹಾಗೇ ನೆನಪಿಟ್ಟುಕೊಂಡಿದ್ದೆ, ಆಮೇಲೆ ಒಂದು ದಿನ ಹೊಳೆಯಿತು: ನೀಲಿ ಸೀರೆ ಆಗ ನನ್ನ ಹತ್ತಿರ ಇದ್ದದ್ದು. ಅವಳದು ಯಾವ ಬಣ್ಣವೋ. ಅವಳು ಅಳುತ್ತಿದ್ದಳೇ? ಅಳುತ್ತಿದ್ದಳೆಂದು ಒಮ್ಮೆ ಬರೆದೆ, ಹೊಡೆದುಹಾಕಿದೆ. ಅತ್ತರೆ ನನಗೆ ಕರುಣೆ ಬಂತೆಂದು ಬರೆಯಬಹುದಲ್ಲ, ಅದಕ್ಕೆ ನನ್ನ ನೆನಪು ಅವಳನ್ನು ಅಳಿಸುತ್ತಿತ್ತೋ ಏನೋ. ಅವಳು ಹೇಳಿದ್ದು ಮಾತ್ರ ಹೀಗೆ:

“ಜಯಕ್ಕ, ನಿಮ್ಮಣ್ಣ. ಪುಟ್ಟೇಗೌಡ್ರು. ನಿಮ್ಮತ್ರ ಹೇಳ್ಬಾರ್ದು ಅನ್ಕೊಂಡಿದ್ದೆ. ಕೇಳಕ್ಕೆ ಬಂದೋರು ನೀವೇ ಆದ್ರಿ, ಏನ್ ಮಾಡ್ಲಿ.”

ನನ್ನ ಬಗ್ಗೆ ಅವಳಿಗೆ ಪಾಪ ಅನ್ನಿಸಿತ್ತು. ಆ ಹೊತ್ತಿನಲ್ಲೂ.

ನಾನು ಕೇಳಿದೆ, ನಿಜವಾ? — ಕೇಳಿದೆನೋ, ಬರೀ ನೋಡಿದೆನೋ. ಅವಳು ತಲೆಯಾಡಿಸಿದಳು. “ಹೊರಗೆ ಹೇಳ್ತೀರಲ್ಲ?” ಅಂದಳು. ಹೂಂ ಅಂದೆ. ಈ ‘ಹೂಂ’ ನೆನಪಿನ ಆಟವಲ್ಲ.

ಕೋಣೆಯ ಬಾಗಿಲಿನಿಂದ ಚಾವಡಿಯ ಜಗಲಿಗೆ ಎಷ್ಟು ದೂರ? ಒಂದು ಎತ್ತು ಮಲಗುವಷ್ಟು. ಅಷ್ಟರೊಳಗೆ ಮುಗಿಯಿತು. ಯೋಚನೆ ಮಾಡಿ ಮಾಡಿದೆ ಎಂದೂ ಹೇಳಲಾರೆ, ಮಾಡದೆ ಮಾಡಿದೆ ಎಂದೂ ಹೇಳಲಾರೆ. ಹೊರಗೆ ಬಿಸಿಲು ಕಣ್ಣಿಗೆ ಹೊಡೆಯಿತು. ಜಗಲಿಯ ಮೇಲೆ ಹಿರಿಯರು. ನಡುವೆ ಊರ ಯಜಮಾನರಾದ ಮುದ್ದೇಗೌಡರು. ಅವರ ಪಕ್ಕದಲ್ಲಿ, ಯಾವಾಗಲೂ ಕೂರುವ ಜಾಗದಲ್ಲಿ, ನಮ್ಮಣ್ಣ. ಅವನು ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ.

“ಏನಂದ್ಲವ್ವ?” ಮುದ್ದೇಗೌಡರು ಕೇಳಿದರು.

“ನಡೆದಿರೋದು ನಿಜ.”

“ಯಾರಂತೆ?”

“ಹೆಸರು ಹೇಳ್ಲಿಲ್ಲ.”

“ಮೊಕ ಕಂಡ್ಲಂತಾ?”

ಇಲ್ಲವೆಂದು ತಲೆಯಾಡಿಸಿದೆ.

ಅರ್ಧ ಮಾತು ನಿಜವನ್ನೇ ತಂದೆನಲ್ಲ ಎಂದು ಆಗ ಒಳಗೊಳಗೇ ಸಮಾಧಾನ ಮಾಡಿಕೊಂಡಿರಬೇಕು. ಅವಳಿಗೆ ಅನ್ಯಾಯವಾಗಿದೆ ಎಂದು ಊರು ಒಪ್ಪಿತು, ಅಣ್ಣನೂ ಉಳಿದ, ಇನ್ನೇನು ಬೇಕು ಎಂದು. ಆದರೆ ಊರಿನವರ ಲೆಕ್ಕ ನನಗೆ ತಿಳಿದಿರಬೇಕಿತ್ತು. ನಾನೂ ಅದೇ ಊರಿನವಳು. ಮುದ್ದೇಗೌಡರು ಎಲೆಯ ತೊಟ್ಟು ಮುರಿಯುತ್ತ ಹೇಳಿದರು:

“ಮೊಕ ಗುರುತು ಹತ್ಲಿಲ್ಲ ಅಂದ್ಮೇಲೆ ನಮ್ಮೂರೋನಲ್ಲ ಬಿಡ್ರಪ್ಪ. ನಮ್ಮೂರೋನಾಗಿದ್ರೆ ಕತ್ಲಲ್ಲಿ ಕೆಮ್ಮಿದ್ರೂ ಗೊತ್ತಾಗೋದು.”

ಎಲ್ಲರೂ ಹೌದೌದು ಅಂದರು. ನಮ್ಮೂರಿನವನಲ್ಲ ಅಂದರೆ ಇನ್ನು ಯಾರು? ಹೊಸ ರಸ್ತೆಗೆ ಕಲ್ಲು ಒಡೆಯುತ್ತಿದ್ದ ತಮಿಳರ ಗುಂಪೊಂದು ಊರ ಅಂಚಿನಲ್ಲಿ ಗುಡಿಸಲು ಹಾಕಿತ್ತು. ಅದರಲ್ಲಿ ಮುನುಸಾಮಿ ಎಂಬವನು ಹೊನ್ನಮ್ಮನ ಮನೆಯ ಬಾಗಿಲಲ್ಲಿ ಒಂದೆರಡು ಸಲ ನೀರು ಕೇಳಿ ಕುಡಿದಿದ್ದ. ಅಷ್ಟು ಸಾಕಾಯಿತು. ನಾನೊಂದು ಹೆಸರನ್ನು ದಾರಿಯಲ್ಲಿ ಬಿಟ್ಟು ಬಂದಿದ್ದೆ, ಆ ಖಾಲಿ ಜಾಗದಲ್ಲಿ ಊರು ಇನ್ನೊಂದನ್ನು ಕೂರಿಸಿತು.

ಅವನನ್ನು ಎಳೆದು ತಂದು ಹೊಡೆದರು. ಅವನ ಕೈಯಲ್ಲಿ ಇನ್ನೂ ಸುತ್ತಿಗೆ ಇತ್ತು ಎಂದು ನನಗೆ ನೆನಪು. ಇರಲಿಕ್ಕಿಲ್ಲ, ಇದ್ದರೆ ಅಷ್ಟು ಸಲೀಸಾಗಿ ಹೊಡೆಯುತ್ತಿದ್ದರೇ? ಕಲ್ಲಿನ ಪುಡಿ ಮೆತ್ತಿ ಬೆಳ್ಳಗಾದ ಮೈ. “ನಾನು ಇಲ್ಲ ಸಾಮಿ, ನಾನು ಕಲ್ಲು ಹತ್ರ, ದಿನಾ ಕಲ್ಲು ಹತ್ರ...” ಬರುವ ನಾಲ್ಕು ಕನ್ನಡ ಮಾತನ್ನೇ ತಿರುಗಿಸಿ ತಿರುಗಿಸಿ ಹೇಳುತ್ತಿದ್ದ. “ಹೂಂ, ಕಲ್ಲು ಹತ್ರ ಕೂತು ಕಾಯ್ತಿದ್ದೆ ಬಿಡು,” ಎಂದು ಯಾರೋ ನಕ್ಕರು. ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿದ್ದೆ, ಯಾರು ನೋಡಿದ್ದಾರೆ — ಒಬ್ಬರೂ ಕೇಳಲಿಲ್ಲ. ಅಂಥ ಪ್ರಶ್ನೆಗಳು ನಮ್ಮವರಿಗೆ ಮಾತ್ರ.

ಆಗ ಕಾಳಿನ ಕೋಣೆಯ ಬಾಗಿಲು ತೆರೆಯಿತು.

ಇಲ್ಲಿ ನನ್ನ ಬರವಣಿಗೆ ನಿಧಾನವಾಗುತ್ತದೆ. ಇದನ್ನು ಚಂದ ಮಾಡಿಬಿಡುತ್ತೇನೆಂಬ ಭಯ ನನಗೆ. ಅವಳು ಹಾಗೇ ಒಳಗೆ ಕೂತಿದ್ದರೆ ಊರು ಅವಳ ಬಗ್ಗೆ ಅಯ್ಯೋ ಅನ್ನುತ್ತಿತ್ತು. ಪರದೇಶಿಯೊಬ್ಬನ ಕೈಗೆ ಸಿಕ್ಕ ನತದೃಷ್ಟೆ ಎಂದು ಮನೆಗೆ ರಾಗಿ ಕಳಿಸುತ್ತಿತ್ತು. ನಮ್ಮ ಅಮ್ಮನೇ ಕಳಿಸುತ್ತಿದ್ದಳು. ಬಾಗಿಲ ಸಂದಿಯಿಂದ ಹೊರಗಿನದೆಲ್ಲ ಅವಳಿಗೆ ಕಾಣುತ್ತಿತ್ತು, ಕೇಳುತ್ತಿತ್ತು. ಸುಮ್ಮನಿದ್ದರೆ ಏನು ಉಳಿಯುತ್ತದೆ ಎಂಬುದೂ ಗೊತ್ತಿತ್ತು. ಅವಳು ಎದ್ದು ಬಂದಳು. ಗಂಡಸರ ನಡುವೆ, ಚಾವಡಿಯ ಅಂಗಳದಲ್ಲಿ, ಹೆಂಗಸು ಯಾವತ್ತೂ ನಿಲ್ಲದ ಜಾಗದಲ್ಲಿ ನಿಂತಳು.

“ಬಿಡ್ರಿ ಅವನ್ನ. ಅವನಲ್ಲ.”

“ಮೊಕ ಕಾಣ್ಲಿಲ್ಲ ಅಂದ್ಯಲ್ಲಮ್ಮಿ, ಅವನಲ್ಲ ಅಂತ ಹೆಂಗ್ ಹೇಳ್ತೀಯ?” ಮುದ್ದೇಗೌಡರು ಕೇಳಿದರು.

“ಕಂಡೆ. ಹೆಸ್ರೂ ಹೇಳ್ದೆ. ಪುಟ್ಟೇಗೌಡ್ರು. ಬೇಕಾದ್ರೆ ಜಯಕ್ಕನ್ನೇ ಕೇಳಿ.”

ಊರು ನನ್ನ ಕಡೆ ತಿರುಗಿತು. ಇನ್ನೊಂದು ಸಲ ಅವಕಾಶ — ಒಬ್ಬ ಮನುಷ್ಯನಿಗೆ ಒಂದೇ ದಿನ ಎರಡು ಸಲ ಸಿಗುವುದು ಅಪರೂಪ. ನಾನು ಅಣ್ಣನನ್ನು ನೋಡಲಿಲ್ಲ. ಹೊನ್ನಮ್ಮನನ್ನೇ ನೋಡಿಕೊಂಡು, ಸ್ಪಷ್ಟವಾಗಿ, ಶಾಲೆಯಲ್ಲಿ ಪಾಠ ಒಪ್ಪಿಸುವ ದನಿಯಲ್ಲಿ ಹೇಳಿದೆ:

“ಅವಳು ನನ್ನ ಹತ್ತಿರ ಯಾವ ಹೆಸರೂ ಹೇಳಲಿಲ್ಲ.”

ಆ ಮೇಲೆ ಎಲ್ಲ ಸುಲಭವಾಯಿತು. ಒಳಗೆ ಹೇಳದ ಹೆಸರು ಹೊರಗೆ ಹೇಗೆ ಬಂತು? ಈ ಕಲ್ಲಿನವನ ಮೈಮೇಲೆ ಏಟು ಬಿದ್ದಾಗ ಬಂತು. ಹಾಗಾದರೆ ಇವನಿಗೂ ಅವಳಿಗೂ ಏನು? ಅವಳ ನಿಜವನ್ನು ನಾನು ಸುಳ್ಳಿನ ಹಾಗೆ ಕಾಣುವಂತೆ ಮಾಡಿಟ್ಟಿದ್ದೆ. ಆದರೂ ಮುದ್ದೇಗೌಡರು ಒಂದಿಷ್ಟು ವಿಚಾರಿಸಿದರು. ವಿಚಾರಿಸಿದ್ದೆಲ್ಲ ಅವಳನ್ನೇ. ಕೂಗಿಕೊಳ್ಳಲಿಲ್ಲ ಯಾಕೆ? “ಬಾಯಿ ಮುಚ್ಚಿದ್ರು. ಎಂಜಿನ್ ಬೇರೆ ಓಡ್ತಿತ್ತು, ಯಾರಿಗೆ ಕೇಳಿಸ್ತದೆ,” ಅಂದಳು. ಹಿಂದಿನಿಂದ ಯಾರೋ ಕೂಗಿದರು, “ಆ ಎಂಜಿನ್ ಕೆಟ್ಟು ಎಷ್ಟು ದಿನ ಆಯ್ತೋ!” ಅವಳು ಒಂದು ಗಳಿಗೆ ತಡವರಿಸಿದಳು. “ಓಡ್ತಿತ್ತು ಅನ್ಸ್ತದೆ... ನನ್ ಕಿವೀಲಿ ಸದ್ದಿತ್ತು.” ಅಂಗಳವೆಲ್ಲ ನಕ್ಕಿತು. ಎಂಜಿನ್ನಿನ ಸದ್ದು ಸುಳ್ಳಾದರೆ ಎಲ್ಲವೂ ಸುಳ್ಳು ಎಂದಾಯಿತು. ನನಗೆ ಇವತ್ತು ಅವಳ ಸೀರೆಯ ಬಣ್ಣ ಗೊತ್ತಿಲ್ಲ, ಅವಳು ಅತ್ತಳೋ ಗೊತ್ತಿಲ್ಲ. ಹಾಗೆಂದು ಅವಳು ಹೇಳಿದ ಹೆಸರು ಮರೆತಿದೆಯೇ?

ನಮ್ಮಣ್ಣನನ್ನು ಯಾರೂ ಏನೂ ಕೇಳಲಿಲ್ಲ. ಅವನೇ ಎದ್ದು ನಿಂತು, ಟವೆಲ್ಲು ಹೆಗಲಿಗೆ ಸರಿಮಾಡಿಕೊಂಡು, “ಹೋಗ್ಲಿ ಬಿಡಿ, ಗಂಡ ಸತ್ತ ಹೆಣ್ಣು. ಏನೋ ಬಾಯಿಗೆ ಬಂದಿದೆ. ನಂಗೇನು ಬೇಜಾರಿಲ್ಲ,” ಅಂದ. ಎಂಥ ದೊಡ್ಡ ಮನಸ್ಸು ಎಂದು ಊರು ಮೆಚ್ಚಿಕೊಂಡಿತು.

ಮುನುಸಾಮಿಯನ್ನು ಪೊಲೀಸಿಗೆ ಕೊಡಲಿಲ್ಲ. ದೂರು ಕೊಟ್ಟವಳೇ ಅವನಲ್ಲ ಅಂದ ಮೇಲೆ ಹೇಗೆ ಕೊಡುವುದು. ಹೊತ್ತು ಮುಳುಗುವುದರೊಳಗೆ ಜಾಗ ಖಾಲಿ ಮಾಡು ಎಂದು ಕತ್ತು ಹಿಡಿದು ದಬ್ಬಿದರು. ಒಂದು ಕಾಲು ಎಳೆಯುತ್ತಾ ಹೋದ. ಹೋಗುವಾಗ ಹೊನ್ನಮ್ಮನ ಕಡೆಗೆ ಕೈ ಮುಗಿದ, ಅದನ್ನೂ ಜನ ಸಾಕ್ಷಿಗೆ ಸೇರಿಸಿಕೊಂಡರು.

ನನಗೆ ವೀಳ್ಯ ಕೊಟ್ಟರು. ತೆಗೆದುಕೊಂಡೆ. ಕಣ್ಣಿಗೆ ಒತ್ತಿಕೊಂಡೆ.

ತಾಯಿ ಮಗಳು ಊರು ಬಿಟ್ಟರು. ನಾನು ಕೆಂಗೇರಿಗೆ ಹೋದೆ, ರೈಲ್ವೆ ಗುಮಾಸ್ತನ ಹೆಂಡತಿಯಾಗಿ, ಎರಡು ಮಕ್ಕಳ ತಾಯಿಯಾಗಿ, ಅಕ್ಕಪಕ್ಕದವರ ಜಗಳದಲ್ಲಿ ನ್ಯಾಯ ಹೇಳುವ ಓದಿದ ಹೆಂಗಸಾಗಿ ಇದ್ದೆ. ಅದೇ ದಶಕ ಮುಗಿಯುತ್ತಿದ್ದಾಗ ನನ್ನ ಗಂಡ ಒಂದು ದಿನ ಊಟಕ್ಕೆ ಕೂತು ಮುದ್ದೆ ಮುರಿಯುತ್ತ, “ರಾಜಾಜಿನಗರದ ಕಾರ್ಖಾನೆ ಕಡೆ ಒಂದು ಮುದ್ದೆ ಹೋಟ್ಲಿದೆ ಕಣೆ, ಹೊನ್ನಮ್ಮ ಅಂತ. ನಿಂಗೂ ಹಂಗೆ ಕಟ್ಟಕ್ಕೆ ಬರಲ್ಲ,” ಅಂದರು. ನಿಮ್ಮ ಊರ ಕಡೆಯವಳೇ ಅಂತೆ, ಅಂದರು.

ಹೋದೆ. ಯಾಕೆ ಹೋದೆ ಎಂಬುದಕ್ಕೆ ಕಾರಣಗಳನ್ನು ಬರೆದು ಬರೆದು ಹೊಡೆದುಹಾಕಿದ್ದೇನೆ. ಎಲ್ಲದರಲ್ಲೂ ನಾನು ಚೆನ್ನಾಗಿ ಕಾಣುತ್ತಿದ್ದೆ.

ಮಧ್ಯಾಹ್ನದ ಸೈರನ್ ಆಗಿತ್ತು. ತಗಡಿನ ಚಪ್ಪರದ ಕೆಳಗೆ, ಎಣ್ಣೆ ಮಸಿ ಅಂಟಿದ ಅಂಗಿಯ ಗಂಡಸರು ಸಾಲಾಗಿ ಕೂತು ಉಣ್ಣುತ್ತಿದ್ದರು. ಒಬ್ಬ ಯುವಕ ಕೂಗಿದ, “ಅಕ್ಕೋ, ಸಾರಿಗೆ ಉಪ್ಪು ಹಾಕಿದ್ಯೋ, ತಿನ್ನೋರ ಕಣ್ಣೀರು ಸಾಕು ಅಂತ ಬಿಟ್ಯೋ?”

“ನಿನ್ ಹೆಂಡ್ತಿ ಕೈಲಿ ಉಂಡೂ ಉಂಡೂ ನಿಂಗೆ ನಾಲ್ಗೇನೇ ಸತ್ತೋಗಿದೆ ಕಣೋ. ಉಪ್ಪಿನ ಮೇಲೆ ಯಾಕೆ ತಪ್ಪು ಹೊರಿಸ್ತೀಯ?”

ಎಲ್ಲರೂ ನಕ್ಕರು, ಆ ಯುವಕನೇ ಹೆಚ್ಚು. ಸೌಟು ಹಿಡಿದು ತಿರುಗಿದವಳು ನನ್ನನ್ನು ನೋಡಿದಳು. ಮುಖ ತುಂಬಿತ್ತು, ತೋಳು ಬಲವಾಗಿತ್ತು, ಕೂದಲು ಮುಂದೆ ನರೆತಿತ್ತು. ಗುರುತು ಹಿಡಿದಳು, ಅವಳ ಕೈ ಮಾತ್ರ ನಿಲ್ಲಲಿಲ್ಲ. ಉಣ್ಣುವವರೆಲ್ಲ ಉಂಡು ಎದ್ದು ಹೋಗುವ ತನಕ ನಾನು ಕಂಬದ ಹತ್ತಿರ ನಿಂತೆ. ಆಮೇಲೆ ಹೇಳಿದೆ. ಅಭ್ಯಾಸ ಮಾಡಿಕೊಂಡು ಹೋಗಿದ್ದ ಮಾತುಗಳನ್ನೆಲ್ಲ ಹೇಳಿದೆ — ನಾನು ಅವತ್ತು ಸುಳ್ಳು ಹೇಳಿದೆ, ನೀನು ಹೆಸರು ಹೇಳಿದ್ದೆ, ನಾನು ನಂಬಿದ್ದೆ, ನಂಬಿಯೂ...

ಅವಳು ಪಾತ್ರೆ ಮಗುಚಿ ಹಾಕುತ್ತ ಪೂರ್ತಿ ಕೇಳಿದಳು.

“ನಂಗ್ಯಾಕೆ ಹೇಳ್ತೀರಿ ಜಯಕ್ಕ?” ಅಂದಳು. “ನಂಗೆ ಗೊತ್ತಿರೋದೇ ಅಲ್ವಾ? ಗೊತ್ತಿಲ್ದೋರಿಗೆ ಹೇಳಿ.”

ನಾನು ಅಳುತ್ತೇನೆಂದು ತಿಳಿದುಕೊಂಡು ಹೋಗಿದ್ದೆ. ಅಳುವುದಕ್ಕೆ ಜಾಗವೇ ಇರಲಿಲ್ಲ ಅಲ್ಲಿ. “ಎಲ್ಲಿ ಹೇಳ್ಲಿ?” ಅಂದೆ, ದಡ್ಡಿಯ ಹಾಗೆ.

“ಎಲ್ಲಿ ಹೇಳ್ಬೇಕಿತ್ತೋ ಅಲ್ಲೇ. ನಾನೂ ಬರ್ತೀನಿ. ಅವತ್ತು ನೀವು ಹೊರಗೋಗಿ ಏನ್ ಹೇಳ್ತೀರೋ ಅಂತ ಒಳಗೆ ಕೂತು ಕಾದಿದ್ದೆ. ಈ ಸಲ ಹೊರಗೇ ನಿಂತು ಕೇಳ್ತೀನಿ.” ಆಮೇಲೆ, ಒಲೆಯಿಂದ ಸೌದೆ ಹಿಂದಕ್ಕೆ ಎಳೆಯುತ್ತ, “ಊಟ ಆಗಿಲ್ಲ ತಾನೆ? ಕೂತ್ಕೊಳ್ಳಿ.”

ಬಡಿಸಿದಳು. ಯಾರಿಗೂ ಬಡಿಸುವ ಹಾಗೆ — ಹೆಚ್ಚಿಲ್ಲ, ಕಮ್ಮಿಯಿಲ್ಲ. ನನ್ನ ಗಂಡ ಹೇಳಿದ್ದು ಸರಿ, ನನಗೆ ಹಾಗೆ ಮುದ್ದೆ ಕಟ್ಟಲು ಬರುವುದಿಲ್ಲ.

ಊರ ಹೊಲಗಳಿಗೆ ಬಡಾವಣೆಯ ಗೂಟ ಬೀಳುವುದು ಖಚಿತವಾಗಿ, ಅದರ ಮಾತುಕತೆಗೆ ಎಲ್ಲರೂ ಚಾವಡಿಯಲ್ಲಿ ಸೇರಿದ ದಿನ ಹೋದೆವು. ಹಿಂದಿನ ಸಂಜೆಯೇ ಅಣ್ಣನ ಮನೆಗೆ ಹೋಗಿ, ನಾಳೆ ಹೀಗೆ ಹೇಳುವವಳಿದ್ದೇನೆ, ನೀನು ಇರಬೇಕು, ನಿನಗೆ ಹೇಳುವುದಿದ್ದರೆ ಹೇಳಬೇಕು ಎಂದಿದ್ದೆ. ಇದು ಹೊನ್ನಮ್ಮನ ಷರತ್ತು: ಅವರಿಗೆ ಗೊತ್ತಿಲ್ಲದಂಗೆ ಮಾಡ್ಬೇಡಿ. ಅತ್ತಿಗೆ ನಾನು ಕುಡಿದಿಟ್ಟ ಕಾಫಿ ಲೋಟವನ್ನು ಮುಟ್ಟದೆ ಬಿಟ್ಟಳು.

ಅಂಗಳದಲ್ಲಿ ನಿಂತು ಹೇಳಿದೆ. ಯಾವ ಕೋಣೆಯಿಂದಲೂ ಯಾರ ಮಾತನ್ನೂ ತಂದದ್ದಲ್ಲ, ನನ್ನದೇ ಮಾತು. ಎಲ್ಲವನ್ನೂ ಹೇಳಿದೆ — ಅವಳು ಹೇಳಿದ್ದು, ನಾನು ಮುಚ್ಚಿದ್ದು, ಮುಖ ಕಾಣಲಿಲ್ಲ ಎಂದು ತಲೆಯಾಡಿಸಿದ್ದರಿಂದ ಮುನುಸಾಮಿ ಏಟು ತಿಂದು ಕಾಲೆಳೆಯುತ್ತ ಹೋದದ್ದು. ಊರು ಮೈಮೇಲೆ ಎದ್ದಿತು.

“ಇಷ್ಟು ವರ್ಷ ಎಲ್ಲಿ ಮಲಗಿದ್ದೆ ತಾಯಿ?”

“ಜಮೀನಲ್ಲಿ ಪಾಲು ಕೇಳಿ ಕೊಡ್ಲಿಲ್ವೇನೋ ಅಣ್ಣ. ಅದಕ್ಕೇ ಬಂದವ್ಳೆ ಬೆಂಕಿ ಹಚ್ಚಕ್ಕೆ.”

“ಆ ಹೋಟ್ಲೋಳು ಏನ್ ತಿನ್ನಿಸಿದ್ಲು ನಿಂಗೆ?”

ಮುದ್ದೇಗೌಡರಿಗೆ ಕಣ್ಣು ಮಂಜಾಗಿತ್ತು, ದನಿ ಕೆಟ್ಟಿರಲಿಲ್ಲ. ಅವರು ಕೇಳಿದ್ದೊಂದೇ ಸರಿಯಾದ ಪ್ರಶ್ನೆ: “ಅವತ್ತೂ ನೀನೇ ಹೇಳ್ದೆ, ಇವತ್ತೂ ನೀನೇ ಹೇಳ್ತಿದ್ದೀಯ. ಯಾವುದನ್ನ ನಂಬನವ್ವ ನಾವು?”

ನಿಜ ಹೇಳುವವಳು ಅಂಗಳದಲ್ಲಿ ನಿಂತಾಗ ಕಾಲ ಕೆಳಗಿನ ನೆಲ ಹೇಗಿರುತ್ತದೆಂದು ಆಗ ಗೊತ್ತಾಯಿತು, ಅದೂ ಅರ್ಧಂಬರ್ಧ — ನನ್ನ ಮೈಮೇಲೆ ಯಾರೂ ಕೈ ಹಾಕಿರಲಿಲ್ಲ, ನನಗೆ ಸಂಜೆ ಹೋಗಲು ಮನೆಯಿತ್ತು. “ನನ್ನನ್ನ ನಂಬಬೇಡಿ,” ಅಂದೆ. “ನಾನು ಸುಳ್ಳು ಹೇಳಿದವಳು. ಅವಳು ಅವತ್ತು ಹೇಳಿದ್ದು ಒಂದೇ, ಇವತ್ತು ಕೇಳಿದರೂ ಅದನ್ನೇ ಹೇಳುತ್ತಾಳೆ.”

ಅಷ್ಟರಲ್ಲಿ ಗಲಾಟೆ ನಮ್ಮಣ್ಣನ ಕಡೆ ಹೊರಳಿತ್ತು. ಜಮೀನಿನ ವಿಷಯದಲ್ಲಿ ಅವನ ಮೇಲೆ ಹೊಟ್ಟೆಯುರಿ ಇದ್ದವರಿಗೆ ಇದೊಂದು ಸಿಕ್ಕಿತು. “ಎಳೀರೋ ಕೆಳಕ್ಕೆ,” ಎಂದು ಇಬ್ಬರು ಜಗಲಿ ಹತ್ತಿದರು. ಒಬ್ಬ ಅವನ ಅಂಗಿಗೆ ಕೈ ಹಾಕಿದ.

“ಕೈ ತೆಗೀರಿ!”

ಹೊನ್ನಮ್ಮ. ಅಲ್ಲಿಯತನಕ ಅವಳು ಗೋಡೆಯ ಪಕ್ಕ ನಿಂತು ಕೇಳುತ್ತಿದ್ದಳು.

“ಮುನುಸಾಮೀನ ಕೇಳ್ದಂಗೆ ಇವರನ್ನ ಕೇಳ್ಬೇಡಿ. ಕೂರಿಸಿ. ನೀರ್ ಕೊಡಿ. ಆಮೇಲೆ ಕೇಳಿ, ಅವರು ಹೇಳೋದನ್ನ ಪೂರ್ತಿ ಕೇಳಿ.”

ನನ್ನ ಬದುಕಿನಲ್ಲಿ ನಾನು ಕಂಡ ಅತಿ ಎತ್ತರದ ಮನುಷ್ಯ ಅವಳು. ಎತ್ತರದಲ್ಲಿ ನನ್ನ ಹೆಗಲಿಗೆ ಬರುತ್ತಾಳೆ. ತನಗೆ ಅನ್ಯಾಯ ಮಾಡಿದವನಿಗೂ ಕುಡಿಯಲು ನೀರು, ಕೂರಲು ಜಾಗ, ಹೇಳಲು ಹೊತ್ತು ಕೊಡಿಸಿದಳು. ಒಳ್ಳೆಯತನದಿಂದ ಎಂದು ಯಾರಾದರೂ ತಿಳಿದರೆ ಅದು ತಪ್ಪು. ಅವಳ ಮುಖದಲ್ಲಿ ಒಂದು ಚೂರೂ ದಯೆ ಇರಲಿಲ್ಲ. ಕೇಳದೆ ಹೊಡೆದರೆ ಏನಾಗುತ್ತದೆಂದು ಅವಳು ಕಣ್ಣಾರೆ ನೋಡಿದ್ದಳು, ಅಷ್ಟೇ. ಅವತ್ತು ಅವಳು ನಿಂತದ್ದನ್ನು ನೆನೆದರೆ ಇವತ್ತಿಗೂ ನನ್ನ ಬೆನ್ನು ನೆಟ್ಟಗಾಗುತ್ತದೆ.

ಅಣ್ಣ ಕೂತ. ನೀರು ಕುಡಿದ. ಮುದ್ದೇಗೌಡರು ಒಂದೊಂದಾಗಿ ಕೇಳಿದರು: ಆ ದಿನ ಎಲ್ಲಿದ್ದೆ? ತೋಟಕ್ಕೆ ಹೋಗಿದ್ದೆಯಾ? ಎಂಜಿನ್ ಮನೆಯ ಕೀಲಿ ಯಾರ ಹತ್ತಿರ ಇತ್ತು? ಪ್ರತಿಯೊಂದಕ್ಕೂ ಅವನು ಒಂದೇ ಉತ್ತರ ಕೊಟ್ಟ.

“ನೆನಪಿಲ್ಲ.”

ಇಲ್ಲ ಅನ್ನಲಿಲ್ಲ. ಸುಳ್ಳು ಅನ್ನಲಿಲ್ಲ. ಅಧಿಕಾರಿಗಳ ಮುಂದೆ ಅಷ್ಟು ಚೆನ್ನಾಗಿ ಮಾತಾಡುತ್ತಿದ್ದವನು ಟವೆಲ್ಲಿನ ಅಂಚು ಸುತ್ತುತ್ತ, ನೆನಪಿಲ್ಲ, ನೆನಪಿಲ್ಲ. ನೆನಪನ್ನು ನಂಬಬಾರದೆಂದು ಈ ಬರಹದುದ್ದಕ್ಕೂ ಹೇಳುತ್ತ ಬಂದವಳು ನಾನು. ನನ್ನ ಅದೇ ಮಾತಿನ ಮರೆಯಲ್ಲಿ ಅಣ್ಣ ಕೂತದ್ದನ್ನು ನೋಡಿದೆ. ಅಂದಿನಿಂದ ಆ ಮಾತನ್ನು ನಾಲ್ಕು ಸಲ ಯೋಚಿಸಿ ಬಳಸುತ್ತೇನೆ. ಸೀರೆಯ ಬಣ್ಣ ಕಳೆದುಹೋಗಲಿ, ಸುತ್ತಿಗೆ ಇತ್ತೋ ಇಲ್ಲವೋ ಆಗಲಿ. ಮನುಷ್ಯರು ಮರೆಯದ ಕೆಲವಿವೆ. ಮರೆತೆವು ಅನ್ನುತ್ತೇವೆ, ಅಷ್ಟೇ.

ಊರು ತೀರ್ಪು ಕೊಡಲಿಲ್ಲ. ಪೊಲೀಸಿಗೆ ಹೋಗುವ ಮಾತನ್ನು ಯಾರೋ ಎತ್ತಿದರು, ಯಾರೋ ಅಡಗಿಸಿದರು. ಆದರೆ ಅಣ್ಣ ಆ ಮೇಲೆ ಜಗಲಿಯ ಆ ಜಾಗದಲ್ಲಿ ಕೂರಲಿಲ್ಲ. ಯಾರೂ ಬೇಡ ಅನ್ನಲಿಲ್ಲ, ಅವನೇ ಕೂರಲಿಲ್ಲ. ತವರಿನ ಬಾಗಿಲು ನನಗೆ ಮುಚ್ಚಿತು. ಮುಚ್ಚಬೇಕಾದದ್ದೇ.

ಹೊನ್ನಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟಳು. ಮಾಗಡಿ ರಸ್ತೆಯ ತನಕ ನಾನು ಜೊತೆಗೆ ನಡೆದೆ. “ಕೇಳಿದ್ರು, ಅವರು ಹೇಳಿದ್ರು. ಇಷ್ಟೇ ಅವತ್ತು ನಾನು ಕೇಳಿದ್ದೂ,” ಅಂದಳು. ಬಸ್ಸು ಬಂತು. ಸಂಜೆಯ ಪಾಳಿಯವರಿಗೆ ಅಡುಗೆಯಾಗಬೇಕಿತ್ತು, ಹತ್ತಿ ಹೋದಳು. ನನ್ನನ್ನು ಕ್ಷಮಿಸಿದ್ದಾಳೋ ಇಲ್ಲವೋ ನಾನು ಕೇಳಲಿಲ್ಲ. ಅದನ್ನೂ ಅವಳಿಂದ ಕೇಳಿ ಪಡೆಯುವುದು ನನಗೆ ಬೇಡ.

ಮುನುಸಾಮಿ ಸಿಕ್ಕಿಲ್ಲ. ಗೊತ್ತಿಲ್ಲದವರಲ್ಲಿ ಮೊದಲನೆಯವನು ಅವನು — ಯಾರ ಸುಳ್ಳಿಗೆ ತನ್ನನ್ನು ಹೊಡೆದರೆಂದು ಅವನಿಗೆ ಇವತ್ತಿಗೂ ಗೊತ್ತಿರಲಾರದು. ಕಲ್ಲು ಕೆಲಸ ನಡೆಯುವಲ್ಲೆಲ್ಲ ನಿಂತು ಕೇಳುತ್ತೇನೆ. ನಾಯಂಡಹಳ್ಳಿಯ ಕಡೆ ಕೇಳಿದೆ, ಕೆಂಗೇರಿಯ ಆಚೆ ಕೇಳಿದೆ. ಆ ಹೆಸರಿನವರು ಬಹಳ ಮಂದಿ. ಸಿಕ್ಕಿದರೆ ಅವನ ಹೆಂಡತಿ ಮಕ್ಕಳ ಮುಂದೆ, ಅವನ ಜೊತೆ ಕಲ್ಲು ಒಡೆದವರ ಮುಂದೆ, ಅವರಿಗೆ ತಿಳಿಯುವ ಮಾತಿನಲ್ಲಿ ಹೇಳಬೇಕು. ಅದಕ್ಕೆ ಪಕ್ಕದ ಮನೆಯ ಹೆಂಗಸಿನಿಂದ ತಮಿಳು ಕಲಿಯುತ್ತಿದ್ದೇನೆ. ನಾಲಿಗೆ ಹೊರಳುವುದಿಲ್ಲ, ಅವಳು ನಗುತ್ತಾಳೆ. ಈ ವಯಸ್ಸಿನಲ್ಲಿ ಇದೇನು ಹುಚ್ಚು ಎಂದು ಮೊನ್ನೆ ಕೇಳಿದಳು.

ಅವಳಿಗೂ ಹೇಳಿದೆ.